ಹಳೇ ವ್ಯಾಗನ್ನಿನ ನಾಲ್ಕನೇ ಚಕ್ರ

ನಿನ್ನೆ ಹಳ್ಳ ದಾಟಿ ಸಲೀಸಾಗಿ ಗುಡ್ಡ ಹತ್ತಿದ್ದ ಹಳೇ ವ್ಯಾಗನ್, ಇವತ್ತು ಬೆಳಿಗ್ಗೆ ಗಾಡಿ ವ್ಯಾಪಾರಿಯ ಅಂಗಳದಲ್ಲೇ ತಿರುಗಲು ಒಲ್ಲೆ ಅಂದಿತು. ಕೆಳಗೆ ಗುರುಗುರು ಸದ್ದು. ಮಾರು ದೂರಕ್ಕೊಂದು ಜಗ್ಗಾಟ.

ಮಂಜು ಅಂಗಳವನ್ನು ಅರ್ಧ ನುಂಗಿತ್ತು. ಗಾಡಿಗಳೆಲ್ಲ ನಿದ್ದೆಯಲ್ಲೇ ನಡೆದುಬಂದು ಸಾಲಾಗಿ ನಿಂತ ಹಾಗಿದ್ದವು. ಇನ್‌ಸ್ಪೆಕ್ಟರ್ ಅತ್ತೆಗೆ ತಾನೂ ಕನಸಿನಲ್ಲೇ ಇದ್ದೀನೇನೋ ಅನ್ನಿಸಿತು. ಪೊಲೀಸ್ ಕೆಲಸದಿಂದ ನಿವೃತ್ತಿಯಾಗಿ ಆರು ವರ್ಷವಾದರೂ ಆ ಹೆಸರು ಹೋಗಿರಲಿಲ್ಲ, ಅನುಮಾನವೂ ಹೋಗಿರಲಿಲ್ಲ.

ಸೊಸೆ, ಅಂದರೆ ತಮ್ಮನ ಮಗಳು, ನರ್ಸು. ಗುಡ್ಡದ ಮೇಲಿನ ಆಸ್ಪತ್ರೆಗೆ ಕೆಲಸಕ್ಕೆ ಹೋಗ್ತೀನೋ ಇಲ್ಲವೋ, ಮಧ್ಯಾಹ್ನದೊಳಗೆ ಹೇಳಬೇಕು. ನಾಲ್ಕೂ ಚಕ್ರ ಎಳೆಯುವ ಗಾಡಿಯಿಲ್ಲದೆ ಆ ದಾರಿ ಆಗದು. ಅಂಥವು ಈ ಅಂಗಳದಲ್ಲಿ ಎರಡೇ: ಅವಳು ಕೇಳಿದ ಈ ಹಳೇ ವ್ಯಾಗನ್, ಇನ್ನೊಂದು ಹೊಚ್ಚ ಹೊಸದು.

"ಹಳೇದು ಇಷ್ಟೇ," ಅಂದ ತಮ್ಮ. ಅವನು ಮೂವತ್ತು ವರ್ಷದಿಂದ ಮೆಕ್ಯಾನಿಕ್. "ಹೊಸದು ಕೆಟ್ರೆ ಅಲ್ಲಿ ಕಂಪ್ಯೂಟರ್ ಹಿಡ್ಕೊಂಡು ಯಾರು ಬರ್ತಾರೆ? ಎರಡೂ ಬೇಡ. ಹೋಗೋದೇ ಬೇಡ."

"ನಾನೇನೂ ಮಾಡಿಲ್ಲಮ್ಮ," ಅಂದ ವ್ಯಾಪಾರಿ, ಯಾರೂ ಕೇಳದಿದ್ದರೂ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೊಸದನ್ನು ಸಾಗಹಾಕೋ ಆಸೆ ಇವನಿಗೆ ಇದ್ದೇ ಇತ್ತು. ಅತ್ತೆ ಅವನ ಮೇಲೊಂದು ಕಣ್ಣಿಟ್ಟೇ ದಾರ ಕೇಳಿದಳು.

*

ದಾರವನ್ನು ಒಂದೊಂದೇ ಟೈರಿಗೆ ಸುತ್ತಿ ಅಳೆದಳು. ಮೂರು ಒಂದೇ ಅಳತೆ. ಹಿಂದಿನ ಎಡಗಡೆಯದಕ್ಕೆ ಮಾತ್ರ ದಾರ ನಾಲ್ಕು ಬೆರಳು ಸಾಲಲಿಲ್ಲ.

"ನಾಲ್ಕೂ ಒಟ್ಟಿಗೆ ಎಳೆಯೋ ಗಾಡೀಲಿ ಒಂದು ಚಕ್ರ ದೊಡ್ಡದಾದ್ರೆ ಮಿಕ್ಕ ಮೂರರ ಜೊತೆ ಜಗಳ ಆಡತ್ತೆ," ಅಂದಳು. "ಗಾಡಿಗೆ ವಯಸ್ಸಾಗಿಲ್ಲ. ಯಾರೋ ಟೈರು ಬದಲಾಯಿಸಿದ್ದಾರೆ."

ವ್ಯಾಪಾರಿ ಬೆವರಿದ. ಅತ್ತೆ ಬಗ್ಗಿ ಆ ಚಕ್ರದ ನಟ್ಟುಗಳನ್ನು ನೋಡಿದಳು. ಒಂದೊಂದರ ಮೇಲೂ ಸೀಮೆಸುಣ್ಣದ ಪುಟ್ಟ ಗೆರೆ. ಬಿಗಿ ಮಾಡಿ ಆಯ್ತು ಅನ್ನೋ ಗುರುತು. ಎದ್ದು ವ್ಯಾಪಾರಿಯ ಕಡೆ ತಿರುಗಿದಳು.

"ನಿನ್ನೆ ಸಂಜೆ ಇಲ್ಲಿಗೆ ಯಾರು ಬಂದಿದ್ರು?"

"ಇವರೇ ಬಂದಿದ್ರು. ಆಯಿಲ್ ನೋಡ್ತೀನಿ ಅಂದ್ರು," ಅಂತ ವ್ಯಾಪಾರಿ ತಮ್ಮನ ಕಡೆ ಕೈ ತೋರಿಸಿದ.

*

"ಊರಲ್ಲಿ ನಟ್ಟಿಗೆ ಗೆರೆ ಎಳೆಯೋನು ನೀನೊಬ್ಬನೇ ಕಣೋ," ಅಂದಳು ಅತ್ತೆ. "ಕೆಡಿಸೋಕೆ ಬಂದೋನು ನಟ್ಟು ಸಡಿಲ ಬಿಡಬಹುದಿತ್ತು. ಮಗಳು ಕೂರೋ ಗಾಡಿ, ನಿಂಗೆ ಕೈ ಬರಲಿಲ್ಲ. ಬಿಗಿ ಮಾಡಿ ಗುರುತೂ ಹಾಕಿದೆ. ಮೇಲೆ, ಎರಡೂ ಗಾಡಿ ಬೇಡ ಅಂದೋನು ನೀನೊಬ್ಬನೇ."

ತಮ್ಮ ತಲೆ ಎತ್ತಲಿಲ್ಲ. "ಅವಳಮ್ಮ ಹೋದ್ಮೇಲೆ ನನಗಿರೋದು ಇವಳೊಬ್ಬಳು, ಅಕ್ಕ. ಇವಳೂ ಹೊರಟ್ರೆ ಮನೇಲಿ ಯಾರ ಜೊತೆ ಮಾತಾಡ್ಲಿ?"

ಮಗಳು ಗಾಡಿಯಿಂದ ಇಳಿದು ಅಪ್ಪನ ಮುಂದೆ ನಿಂತಳು. ಅಪ್ಪನ ಮೇಲೆ ಅವಳಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

"ಹೊಸದೂ ನನಗೆ ಸಾಕಿತ್ತು ಅಪ್ಪ. ಹಳೇದು ಯಾಕೆ ಕೇಳ್ದೆ ಗೊತ್ತಾ? ಅದಕ್ಕೆ ದಿನಾ ಒಬ್ಬ ಮೆಕ್ಯಾನಿಕ್ ಬೇಕು. ಹಾಗಾದ್ರೂ ನೀನು ಜೊತೆಗೆ ಬರ್ತೀಯ ಅಂತ."

ಅವನು ಶೆಡ್ಡಿನ ಹಿಂದಿನಿಂದ ಮೊದಲಿನ ಟೈರನ್ನು ಉರುಳಿಸಿಕೊಂಡು ಬಂದ. ಸ್ಪ್ಯಾನರ್ ಹಿಡಿದು ಮೊಣಕಾಲೂರಿದ. ಕಣ್ಣು ತುಂಬಿ ನಟ್ಟು ಕಾಣಿಸಲಿಲ್ಲ. ಅಕ್ಕನೇ ಕೈ ಹಿಡಿದು ಅದರ ಮೇಲಿಟ್ಟಳು.