ಆ ದಡದ ಹಸಿರು ದೀಪ

ಶಂಕರಿ ಒಳಗೆ ಕಾಲಿಟ್ಟಾಗ ಕೊಂಡಪ್ಪ ಒಂದು ರಟ್ಟಿನ ಪಟ್ಟಿಯನ್ನು ಮುಖಕ್ಕೆ ಹಿಡಿದುಕೊಂಡು ಅವಳ ಕಡೆಗೇ ನೋಡುತ್ತಿದ್ದ. ರಟ್ಟಿನ ತುಂಬ ತೂತು. ಒಂದು ತೂತಿನಲ್ಲಿ ಅವನ ಕಣ್ಣು ಮಾತ್ರ ಕಾಣುತ್ತಿತ್ತು.

“ಏನು ಭಾವ, ದುರ್ಬೀನು ಹಾಕ್ಕೊಂಡು ನೋಡೋ ಅಷ್ಟು ದೂರ ಇದೀನಾ?”

“ತೂತು ನೆಟ್ಟಗೆ ಬಿದ್ದಿದೆಯಾ ಅಂತ ಬೆಳಕಿಗೆ ಹಿಡಿದಿದ್ದೆ. ನೀನು ಅಡ್ಡ ಬಂದೆ.”

“ಹಾಗಾದ್ರೆ ಹೋಗ್ತೀನಿ ಬಿಡಿ.”

“ಹೋಗು ಅಂದ್ನಾ ನಾನು?”

ಇಷ್ಟೇ ಮಾತು. ಇಷ್ಟಕ್ಕೇ ಶಂಕರಿಯ ಕಿವಿ ಬಿಸಿಯಾಯಿತು. ಅವಳು ತಲೆ ತಗ್ಗಿಸಿ ಅಡುಗೆಮನೆಗೆ ನುಗ್ಗಿ, ಬೇಕಿಲ್ಲದ ಪಾತ್ರೆಯನ್ನೆಲ್ಲ ಸದ್ದು ಮಾಡಿಕೊಂಡು ತೊಳೆದಳು.

ಅಕ್ಕ ಸಪ್ಪಲಮ್ಮ ಕಾಮಾಲೆಯಾಗಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಕ್ಕನ ಮಗಳು ಕನಕಳಿಗೆ ತಲೆ ಬಾಚುವುದಕ್ಕೆಂದು ಎದುರುಮನೆಯಿಂದ ಬಂದ ಶಂಕರಿ ಅಡುಗೆಗೂ ನಿಂತಳು, ಕಂಡಿಕೆಗೆ ನೂಲು ಸುತ್ತುವುದಕ್ಕೂ ಕೂತಳು. ಈಗ ಮಲಗುವುದಕ್ಕೆ ಮಾತ್ರ ತಾಯಿ ಅಕ್ಕಯಮ್ಮನ ಮನೆಗೆ ಹೋಗುತ್ತಿದ್ದಳು. ಭಾವನ ಮೇಲೆ ಮನಸ್ಸು ಯಾವಾಗ ಬಿತ್ತೋ ಅವಳಿಗೇ ಗೊತ್ತಿಲ್ಲ. ಗೊತ್ತಾದ ದಿನದಿಂದ ಗೋಡೆಯ ಮೇಲಿದ್ದ ಅಕ್ಕನ ಫೋಟೋವನ್ನು ಅವಳು ನೇರವಾಗಿ ನೋಡಿದ್ದಿಲ್ಲ.

ಕೊಂಡಪ್ಪನದು ರಟ್ಟು ಹೊಡೆಯುವ ಕೆಲಸ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಸೀರೆಯ ಅಂಚಿಗೆ ಹೂವೋ ಹಂಸವೋ ಬರಬೇಕಾದರೆ ಯಾವ ಎಳೆ ಏಳಬೇಕು, ಯಾವ ಎಳೆ ಮಲಗಬೇಕು ಎಂದು ಮಗ್ಗಕ್ಕೆ ಹೇಳುವುದು ಜಕಾರ್ಡಿನ ರಟ್ಟು. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಆ ತೂತುಗಳನ್ನು ಹೊಡೆದು ಹೊಡೆದು ಅವನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು.

ಆ ವರ್ಷ, ಎಪ್ಪತ್ಮೂರರಲ್ಲಿ, ಅವನ ಮನೆಗೆ ಕಂಪ್ಯೂಟರು ಹೊಕ್ಕಿತು. ತಂದವಳು ಕನಕ. ಹದಿನೈದಕ್ಕೆ ಬಿದ್ದ ಹುಡುಗಿ, ಬಾಯಿ ಮಾತ್ರ ನಲವತ್ತರದು. ಸ್ಕೂಲಿನವರು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದಾಗ ಅದೆಲ್ಲೋ ರೂಮಿನಷ್ಟು ದೊಡ್ಡ ಯಂತ್ರ ನೋಡಿ ಬಂದು, ಚಪ್ಪಲಿ ಕೂಡ ಬಿಡದೆ ಅಪ್ಪನ ಮುಂದೆ ಕೂತಳು.

“ಅಪ್ಪಾ, ಅದೂ ಮಗ್ಗದ ಥರಾನೇ ರಟ್ಟು ತಿನ್ನುತ್ತೆ. ತೂತು ನೋಡಿ ಯೋಚನೆ ಮಾಡುತ್ತೆ. ನಾವೂ ಒಂದು ಚಿಕ್ಕದು ಮಾಡೋಣ. ತಾಲ್ಲೂಕು ಎಗ್ಜಿಬಿಷನ್‌ಗೆ ಇಡ್ತೀನಿ.”

“ದುಡ್ಡಿಲ್ಲ ಕಣಮ್ಮ.”

“ದುಡ್ಡು ಯಾರು ಕೇಳಿದ್ರು? ಗುಜರಿ ಹೈದರ್ ಸಾಬರಿಗೆ ಹೇಳಿ ಬಂದಿದೀನಿ.”

ಹೈದರ್ ಅಂಗಡಿಯಿಂದ ಒಡೆದ ಸ್ಟೌವಿನ ಹಿತ್ತಾಳೆ ತಗಡು ಬಂತು, ಸೈಕಲ್ ಕಡ್ಡಿ ಬಂತು, ಟಾರ್ಚಿನ ಪುಟ್ಟ ಬಲ್ಬುಗಳು ಬಂದವು. ಬಲ್ಬಿಗೆ ಸುತ್ತಲು ಪೆಪ್ಪರ್‌ಮಿಂಟಿನ ಹಸಿರು, ಕೆಂಪು ಕಾಗದ ಸಿಕ್ಕಿತು. ಎಲ್ಲವನ್ನೂ ಕೂರಿಸಲು ಒಂದು ಪೆಟ್ಟಿಗೆ ಬೇಕಿತ್ತಲ್ಲ, ಅದಕ್ಕೆ ಹುಡುಗಿ ಅಟ್ಟ ಹತ್ತಿ ತನ್ನಮ್ಮನ ಬಳೆ ಪೆಟ್ಟಿಗೆ ಇಳಿಸಿದಳು.

“ಅದು ಬೇಡ ಕಣೇ,” ಎಂದಳು ಶಂಕರಿ.

“ಹೊಸದು ಕೊಡಿಸ್ತೀಯಾ?”

ಶಂಕರಿ ಕೊಂಡಪ್ಪನ ಮುಖ ನೋಡಿದಳು. ಅವನು ಪೆಟ್ಟಿಗೆಯ ಮುಚ್ಚಳವನ್ನು ಒಮ್ಮೆ ಸವರಿ, ಮಗಳ ಕೈಗೆ ಬೈರಿಗೆ ಕೊಟ್ಟ. ಮೊದಲ ತೂತು ಕೊರೆದಾಗ ಒಳಗಿನಿಂದ ಹಳೆಯ ಅರಿಸಿನದ ವಾಸನೆ ಎದ್ದು ಮನೆಯೆಲ್ಲ ಹರಡಿತು. ಸಂಜೆವರೆಗೂ ಅದು ಹೋಗಲಿಲ್ಲ.

ಯಂತ್ರ ಮಾಡಬೇಕಾದ ಯೋಚನೆ ಒಂದೇ. ಅಂಬಿಗನೊಬ್ಬ ಹುಲಿ, ಹಸು, ಹುಲ್ಲು ಮೂರನ್ನೂ ಹೊಳೆ ದಾಟಿಸಬೇಕು. ದೋಣಿಯಲ್ಲಿ ಒಂದಕ್ಕೇ ಜಾಗ. ಅಂಬಿಗ ಇಲ್ಲದ ದಡದಲ್ಲಿ ಹುಲಿ ಹಸುವನ್ನು ತಿನ್ನುತ್ತದೆ, ಹಸು ಹುಲ್ಲನ್ನು ತಿನ್ನುತ್ತದೆ. ನಾಲ್ಕು ಜನಕ್ಕೆ ನಾಲ್ಕು ಸ್ವಿಚ್ಚು. ಮೇಲೆತ್ತಿದರೆ ಈ ದಡ, ಕೆಳಗಿಳಿಸಿದರೆ ಆ ದಡ. ಯಾರು ಎಲ್ಲಿದ್ದಾರೆಂದು ನೋಡಿಕೊಂಡು, ಎಲ್ಲ ಕ್ಷೇಮವಾದರೆ ಯಂತ್ರ ಹಸಿರು ದೀಪ ಹಚ್ಚಬೇಕು, ಅಪಾಯವಾದರೆ ಕೆಂಪು. ಯಾವುದಕ್ಕೆ ಯಾವ ದೀಪ ಎಂದು ಅದಕ್ಕೆ ಹೇಳಿಕೊಡುವುದು ಕೊಂಡಪ್ಪ ಹೊಡೆಯುವ ಒಂದು ರಟ್ಟು. ತೂತಿದ್ದಲ್ಲಿ ಹಿತ್ತಾಳೆ ತಗುಲಿ ಹಸಿರು, ಇಲ್ಲದಿದ್ದಲ್ಲಿ ಕೆಂಪು.

ಸಂಜೆ ಮೂವರೂ ಸುತ್ತ ಕೂರುತ್ತಿದ್ದರು. ಕನಕ ಹೇಳುವಳು, ಕೊಂಡಪ್ಪ ಬೆಸುಗೆ ಹಾಕುವನು, ಶಂಕರಿ ತಂತಿ ಹಿಡಿಯುವಳು.

“ಕೈ ನಡುಗಿಸ್ಬೇಡ ಶಂಕರಿ, ಸುಟ್ಟೀತು.”

“ನೀವು ಹೀಗೆ ನೋಡ್ತಾ ಕೂತ್ರೆ ನಡುಗದೆ ಇನ್ನೇನು?”

“ತಂತಿ ನೋಡ್ತಿದೀನಿ.”

“ತಂತಿ ನನ್ನ ಕೈಲಿದೆ ಭಾವ, ಮುಖದಲ್ಲಿಲ್ಲ.”

ಕನಕ ಕಿಸಕ್ಕೆಂದಳು. ಕೊಂಡಪ್ಪ ಕೆಮ್ಮಿ ಎದ್ದು ನೀರು ಕುಡಿಯಲು ಹೋದ.

ಇಷ್ಟೆಲ್ಲ ಆಗುವಾಗ ಅಕ್ಕಯಮ್ಮ ಸುಮ್ಮನಿರುತ್ತಾಳೆಯೇ? ಸಮೇತನಹಳ್ಳಿಯಿಂದ ಒಂದು ಸಂಬಂಧ ತಂದಳು. ಹುಡುಗನಿಗೆ ಹೊಲವಿದೆ, ಹಿಟ್ಟಿನ ಗಿರಣಿಯಿದೆ. ಶುಕ್ರವಾರ ನೋಡಲು ಬರುತ್ತಾರೆ.

“ನಿಮ್ಮ ಭಾವ ಬಾಯಿ ಬಿಡಲ್ಲ, ನೀನೂ ಬಿಡಲ್ಲ. ಬೀದಿಯೋರು ಮಾತ್ರ ಬಿಟ್ಟಿದಾರೆ,” ಎಂದಳು. “ಇರೋದಾದ್ರೆ ಇದ್ದೀನಿ ಅನ್ನು. ಹೋಗೋದಾದ್ರೆ ಹೋಗ್ತೀನಿ ಅನ್ನು. ನಡುವೆ ನಿಂತ್ಕೋಬೇಡ ಕಣವ್ವ.”

ಇರಬೇಕೆಂದು ಶಂಕರಿಯ ಜೀವ ಬಡಿದುಕೊಳ್ಳುತ್ತಿತ್ತು. ಆದರೆ ಅಕ್ಕ ಒಪ್ಪಬೇಕಲ್ಲ. ಅಕ್ಕನ ಒಲೆ, ಅಕ್ಕನ ಮಗಳು, ಸಾಲದ್ದಕ್ಕೆ ಅಕ್ಕನ ಗಂಡ.

ಮಂಗಳವಾರ ಮಟಮಟ ಮಧ್ಯಾಹ್ನ ಅವಳೊಬ್ಬಳೇ ಕಂಡಿಕೆ ಸುತ್ತುತ್ತಿದ್ದಳು. ಕರೆಂಟು ಹೋಯಿತು. ಊರಿನ ಮಗ್ಗಗಳೆಲ್ಲ ಒಟ್ಟಿಗೇ ನಿಂತವು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದವರಿಗೆ ಅದು ನಿಂತರೆ ಎದೆಯಲ್ಲಿ ಏನೋ ಖಾಲಿಯಾಗುತ್ತದೆ. ಬೀದಿಯಲ್ಲಿ ನಾಯಿಯೂ ಬೊಗಳಲಿಲ್ಲ. ಆಗ ಮತ್ತೆ ಆ ಅರಿಸಿನದ ವಾಸನೆ ಬಂತು.

ಅವಳು ತಿರುಗಿ ನೋಡಿದಳು. ಮೂಲೆಯಲ್ಲಿದ್ದ ಬಳೆ ಪೆಟ್ಟಿಗೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು.

ಹತ್ತಿರ ಹೋದಳು. ಹುಲಿ, ಹಸು ಎಂದೆಲ್ಲ ಇದ್ದ ಚೀಟಿಗಳ ಮೇಲೆ ಕನಕ ಬೇರೆ ಚೀಟಿ ಅಂಟಿಸಿದ್ದಳು: ಅಪ್ಪ, ಅಮ್ಮ, ಚಿಕ್ಕಮ್ಮ, ನಾನು. ಅಮ್ಮ ಆ ದಡದಲ್ಲಿ, ಮಿಕ್ಕ ಮೂವರೂ ಈ ದಡದಲ್ಲಿ. ಅದಕ್ಕೆ ಕೆಂಪು.

ಶಂಕರಿ ತನ್ನ ಹೆಸರಿನ ಸ್ವಿಚ್ಚನ್ನು ಕೆಳಗಿಳಿಸಿದಳು. ಈಗ ಅವಳು ಅಕ್ಕನ ಜೊತೆ ಆ ದಡದಲ್ಲಿದ್ದಳು. ಕೆಂಪು ಆರಿತು. ಹಸಿರು ಹತ್ತಿತು.

ಮೇಲೆತ್ತಿದಳು, ಕೆಂಪು. ಕೆಳಗಿಳಿಸಿದಳು, ಹಸಿರು.

“ಅಕ್ಕಾ,” ಎಂದಳು. ಕರೆಂಟು ಬಂದು ಮಗ್ಗಗಳು ಮತ್ತೆ ಬಡಿಯತೊಡಗಿದಾಗ ಎರಡು ದೀಪವೂ ಆರಿದ್ದವು. ಅವಳು ಬಾಗಿಲನ್ನೂ ಎಳೆದುಕೊಳ್ಳದೆ ತಾಯಿಯ ಮನೆಗೆ ಓಡಿದಳು.

“ಸಮೇತನಹಳ್ಳಿಯೋರು ಬರ್ಲಿ,” ಎಂದಳು. ಅಕ್ಕಯಮ್ಮ ಅವಳ ಹಣೆ ಮುಟ್ಟಿ ನೋಡಿದಳು. ಕಾದ ಹೆಂಚಿನಂತೆ ಸುಡುತ್ತಿತ್ತು.

ಮಾರನೆಯ ದಿನ ಸುದ್ದಿ ಕೇಳಿದ ಕೊಂಡಪ್ಪ ರಟ್ಟು ಹೊಡೆಯುವುದನ್ನು ನಿಲ್ಲಿಸಿದ.

“ಒಳ್ಳೆ ಮನೆಯಂತಾ?”

“ಹೂಂ,” ಎಂದಳು ಶಂಕರಿ.

“ಹಾಗಾದ್ರೆ ಸರಿ,” ಎಂದ. ಆಮೇಲೆ ಬಹಳ ಹೊತ್ತು ಒಂದೇ ಒಂದು ತೂತನ್ನೂ ಹೊಡೆಯಲಿಲ್ಲ. ಹೋಗಬೇಡ ಅನ್ನುತ್ತಾನೇನೋ ಎಂದು ಬಾಗಿಲ ಮರೆಯಲ್ಲಿ ಕಾದು ನಿಂತ ಶಂಕರಿ ಕಣ್ಣೊರೆಸಿಕೊಂಡು ಹೊರಟುಹೋದಳು.

ಶುಕ್ರವಾರ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟುಕೊಂಡು ಅವಳು ಕನಕಳಿಗೆ ಕಡೆಯ ಸಲ ಜಡೆ ಹಾಕಲು ಬಂದಳು. ಹುಡುಗಿ ಯಂತ್ರದ ಮುಂದೆ ಅಳುಮುಖ ಮಾಡಿಕೊಂಡು ಕೂತಿದ್ದಳು.

“ಅಪ್ಪಾ, ಇದು ಕೆಟ್ಟಿದೆ. ಹುಲಿ ಜೊತೆ ಹಸು ಬಿಟ್ರೆ ಹಸಿರು ತೋರ್ಸುತ್ತೆ. ಬೇರೆ ಬೇರೆ ಇಟ್ರೆ ಕೆಂಪು. ಎಲ್ಲಾ ಉಲ್ಟಾ.”

ಕೊಂಡಪ್ಪ ರಟ್ಟು ಎಳೆದು ನೋಡಿದ. ಹಣೆಗೆ ಕೈ ಹಚ್ಚಿಕೊಂಡ. “ನಂದೇ ತಪ್ಪು ಕಣಮ್ಮ. ಸೀರೆಗೆ ಹೊಡೆದ ಹಾಗೆ ಹೊಡೆದಿದೀನಿ.”

ಸೀರೆಯನ್ನು ಮಗುಚಿ ನೇಯುತ್ತಾರೆ. ಒಳಮೈ ಮೇಲಿರುತ್ತದೆ, ಹೂವು ಅರಳುವುದು ಕೆಳಗೆ, ನೇಯುವವರ ಕಣ್ಣಿಗೆ ಕಾಣದ ಕಡೆ. ಅದಕ್ಕೇ ರಟ್ಟು ಹೊಡೆಯುವವರು ಹೂವಿರುವಲ್ಲಿ ತೂತು ಹೊಡೆಯದೆ, ಹೂವಿಲ್ಲದಲ್ಲಿ ಹೊಡೆಯುತ್ತಾರೆ. ಇಪ್ಪತ್ತು ವರ್ಷದ ಕೈ, ಬೇರೆ ಹೇಗೆ ಹೊಡೆದೀತು?

ಶಂಕರಿ ಪೆಟ್ಟಿಗೆಯ ಹತ್ತಿರ ಬಂದಳು. “ಹಾಗಾದ್ರೆ ಕೆಂಪು ಅಂದ್ರೆ ಹಸಿರಾ?”

“ಹೂಂ. ಯಾಕೆ?”

ಅವಳು ಹೇಳಿದಳು. ಮಂಗಳವಾರದ ಮಧ್ಯಾಹ್ನ, ಚೀಟಿ, ಸ್ವಿಚ್ಚು ಎಲ್ಲ ಹೇಳಿದಳು. ಹೇಳುತ್ತಾ ಅತ್ತುಬಿಟ್ಟಳು. ಕೊಂಡಪ್ಪ ರಟ್ಟನ್ನು ಕೆಳಗಿಟ್ಟ.

“ನೀನು ಹೋಗ್ತೀನಿ ಅಂದಿದ್ದು ಇದಕ್ಕಾ?”

“ಅಕ್ಕ ಬೇಡ ಅಂದ್ಳು ಅಂದ್ಕೊಂಡೆ. ನೀವಂತೂ ಏನೂ ಅನ್ಲಿಲ್ಲ.”

“ಏನಂತ ಅನ್ಲಿ ಶಂಕರಿ? ನನ್ನ ಕೈ ಹಿಡಿದೋಳು ಮೂವತ್ತು ತುಂಬೋ ಮುಂಚೆ ಹೋದ್ಳು. ನಿನಗೂ ಹಾಗಾದ್ರೆ ಅಂತ ಹೆದರಿಕೊಂಡು ಸುಮ್ನಿದ್ದೆ. ಬಾಗಿಲಲ್ಲಿ ನಿನ್ನ ಬಳೆ ಸದ್ದು ಕೇಳೋವರೆಗೂ ನನಗೆ ಬೆಳಕೇ ಹರಿಯಲ್ಲ. ಹೋಗ್ಬೇಡ. ಸಮೇತನಹಳ್ಳಿಗೂ ಬೇಡ, ಎಲ್ಲಿಗೂ ಬೇಡ.”

“ಇದನ್ನ ಮೊನ್ನೆ ಹೇಳಿದ್ರೆ ಆಗ್ತಿರ್ಲಿಲ್ವಾ?”

“ಈಗ ಹೇಳಿದೀನಲ್ಲ.”

“ಹಾಗಾದ್ರೆ ಅಮ್ಮನಿಗೂ ಹೇಳಿ, ಬಸ್ಸು ಬರೋ ಮುಂಚೆ.”

ಅವನು ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿ ಅಕ್ಕಯಮ್ಮನ ಮನೆಗೆ ನಡೆದ. ಶಂಕರಿ ಅಳುತ್ತಲೇ ನಗುತ್ತ ಕನಕಳ ಜಡೆಗೆ ಕೈ ಹಾಕಿದಳು.

“ಚೀಟಿ ಯಾಕೆ ಅಂಟಿಸಿದೆ ಕೋತಿ?”

“ನೀನು ಈ ದಡದಲ್ಲೇ ಇರ್ತೀಯಾ ಅಂತ ನೋಡಕ್ಕೆ,” ಎಂದಳು ಕನಕ. ಆಮೇಲೆ ತಲೆ ತಿರುಗಿಸಿದಳು. “ಆದ್ರೆ ಚಿಕ್ಕಮ್ಮ, ಮಂಗಳವಾರ ದೀಪ ಹೇಗೆ ಹತ್ತಿತು? ಅದ್ರಲ್ಲಿ ಸೆಲ್ಲೇ ಇರ್ಲಿಲ್ಲ. ಇವತ್ತು ಬೆಳಿಗ್ಗೆ ಅಜ್ಜಿ ಟಾರ್ಚಿಂದ ತೆಗೆದು ಹಾಕಿದೀನಿ, ಅದೇ ಮೊದಲು.”

ಶಂಕರಿಯ ಕೈ ಜಡೆಯಲ್ಲೇ ನಿಂತಿತು.

“ನಾನೇ ಏನೋ ಕಂಡೆ ಅಂದ್ಕೊಂಡಿರಬೇಕು. ಮೈ ಬೆಚ್ಚಗಿತ್ತಲ್ಲ,” ಎಂದು ಜಡೆ ಮುಗಿಸಿ ರಿಬ್ಬನ್ ಕಟ್ಟಿದಳು. ಕಟ್ಟಿ, ಎಷ್ಟೋ ದಿನಗಳ ಮೇಲೆ ಮೊದಲ ಸಲ ತಲೆಯೆತ್ತಿ ಅಕ್ಕನ ಫೋಟೋ ನೋಡಿದಳು. ಅಕ್ಕ ಬೇಡ ಅಂದಳೋ, ಇರು ಅಂದಳೋ, ಒಬ್ಬಳೇ ಇದ್ದೀನಿ, ಜೊತೆಗೆ ಬಾ ಅಂದಳೋ ತಿಳಿಯಲಿಲ್ಲ. ಹೆದರಿಕೆಯಂತೂ ಆಯಿತು. ಆದರೂ ಅವಳು ಆ ಮನೆ ಬಿಟ್ಟು ಏಳಲಿಲ್ಲ.

ಬಸ್ಸಿನಲ್ಲಿ ಬಂದವರಿಗೆ ಅಕ್ಕಯಮ್ಮ ಕೈಮುಗಿದು ಊಟ ಹಾಕಿ ಕಳಿಸಿದಳು. ಕಾರ್ತಿಕದಲ್ಲಿ ಮದುವೆ ಎಂದಾಯಿತು. ಹೆಂಡತಿ ಸತ್ತವನನ್ನು ಕಟ್ಟಿಕೊಳ್ಳುವವಳು ಸತ್ತವಳ ಹೆಸರಿನಲ್ಲಿ ಒಂದು ಪುಟ್ಟ ಬೆಳ್ಳಿ ಬಿಲ್ಲೆ ಮಾಡಿಸಿ ತಾಳಿಯ ಜೊತೆ ಹಾಕಿಕೊಳ್ಳುವುದು ಅವರಲ್ಲಿ ಪದ್ಧತಿ, ಸತ್ತವಳು ಮುನಿಯದಿರಲಿ ಎಂದು. ಕೊಂಡಪ್ಪನಿಗೆ ಅದು ಇಷ್ಟವಿರಲಿಲ್ಲ.

“ಸತ್ತೋಳನ್ನ ಕತ್ತಿಗೆ ಕಟ್ಕೋತೀಯಾ? ಬೇಡ ಬಿಡು ಶಂಕರಿ.”

“ಮಾಡಿಸಿ,” ಎಂದಳು ಅವಳು. “ಅವಳು ಮುನೀತಾಳೆ ಅಂತ ಅಲ್ಲ. ನಾವು ಮೂರು ಜನ ಇಲ್ಲಿ, ಅವಳೊಬ್ಬಳೇ ಅಲ್ಲಿ. ನನಗೆ ಮನಸ್ಸು ಬರಲ್ಲ.”

ಮದುವೆಯ ದಿನ ಅವನು ತಾಳಿ ಕಟ್ಟಿದ. ಚಪ್ಪಟೆ ಹೆಬ್ಬೆರಳು ಅವಳ ಕತ್ತಿಗೆ ತಾಗಿದಾಗ ಶಂಕರಿ ತಲೆಯೆತ್ತಿ ಅವನನ್ನು ಕಣ್ತುಂಬ ನೋಡಿದಳು, ಅವನೂ ಕಣ್ಣು ತಪ್ಪಿಸಲಿಲ್ಲ. ಹೋಮದ ಮುಂದೆ ಕೂತು ಮೈಯೆಲ್ಲ ಬೆವೆತಿತ್ತು. ತಾಳಿಯ ಚಿನ್ನ ಬಿಸಿಯಾಗಿತ್ತು. ಬೆಳ್ಳಿಯ ಬಿಲ್ಲೆ ಮಾತ್ರ ಬಾವಿಯಿಂದ ಆಗಷ್ಟೇ ಎತ್ತಿದಂತೆ ತಣ್ಣಗೆ ಎದೆಗೆ ಒತ್ತಿಕೊಂಡಿತ್ತು. ಎಷ್ಟು ಹೊತ್ತಾದರೂ ಅದು ಬೆಚ್ಚಗಾಗಲಿಲ್ಲ. ಶಂಕರಿ ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಚಳಿಯಲ್ಲಿ ಮಲಗಿದವಳಿಗೆ ಹೊದಿಸುವ ಹಾಗೆ ಮೇಲೆ ಸೆರಗು ಎಳೆದುಕೊಂಡಳು.