ತಟ್ಟದೆ ತೆರೆದ ಬಾಗಿಲು

೨೦೧೪ರ ಭಾನುವಾರವೊಂದರ ಮಧ್ಯಾಹ್ನ, ಕಿರಿಮಂಜೇಶ್ವರದ ಮನೆಯಲ್ಲಿ ಒಬ್ಬನೇ ಕೂತು ಸ್ಕೈಪಿನಲ್ಲಿ ಗೆಳೆಯರಿಗೆ ದೆವ್ವದ ಆಟ ಆಡಿಸುತ್ತಿದ್ದೆ. ನಾನು ಕಥೆ ಹೇಳುವುದು, ಅವರು ದಾಳ ಹಾಕಿ ಪಾತ್ರವಾಗಿ ಉತ್ತರಿಸುವುದು.

"ಹಾಳು ಬಂಗಲೆ. ಸತ್ತವರಿಗೆ ಎಲೆ ಬಡಿಸಿ ಬಾಗಿಲು ಹಾಕಿದ್ದಾರೆ" ಎಂದೆ. ನಮ್ಮಲ್ಲಿ ಹಾಗೆ ಬಡಿಸಿದರೆ, ಉಣ್ಣುತ್ತಿರುವ ಸತ್ತವರು ಕೈ ತೊಳೆದು ಎದ್ದು ಹೋಗಲಿ ಎಂದು, ಬಾಗಿಲು ತಟ್ಟದೆ ತೆರೆಯುವುದಿಲ್ಲ.

ಮುಂಬೈಯಲ್ಲಿದ್ದ ಯತೀಶನಿಗೆ ಅವಸರ. "ತಟ್ಟುದ್ ಎಂತಕ್ಕೆ ಮಾರಾಯಾ, ನಾ ಬಾಗ್ಲ್ ತೆಗ್ದೆ" ಎಂದ.

ಆಗ ಸೊರ್ ಸೊರ್ ಎಂದು ಗಂಜಿ ಉಣ್ಣುವ ಸದ್ದು.

"ಹ್ವಾಯ್, ಯಾರ್ ಅದ್ ಉಂಬುದ್? ಮೈಕ್ ಬಂದ್ ಮಾಡಿ" ಎಂದಳು ಬೈಂದೂರಿನ ಪೂಜಿತಾ. ಎಲ್ಲರೂ ಮಾಡಿದೆವು. ಸದ್ದು ನಿಲ್ಲಲಿಲ್ಲ. ಹೆಡ್‌ಫೋನ್ ತೆಗೆದೆ. ಸದ್ದು ನಮ್ಮ ಅಡುಗೆಮನೆಯಿಂದ ಬರುತ್ತಿತ್ತು.

ಅದರ ಬಾಗಿಲು ಹಾಕಿತ್ತು. ನಾನು ತಟ್ಟಿದೆ. ಒಳಗೆ ಯಾರೋ ಕೈ ತೊಳೆದರು.

ತೆರೆದರೆ ಯಾರೂ ಇಲ್ಲ. ಅಂದು ನಾನು ಒಲೆಯನ್ನೇ ಹೊತ್ತಿಸಿರಲಿಲ್ಲ. ಸಿಂಕಿನಲ್ಲಿ ಬಿದ್ದಿದ್ದ ಕುಚ್ಚಲಕ್ಕಿ ಅಗುಳು ಇನ್ನೂ ಬೆಚ್ಚಗಿತ್ತು.