ಹತ್ತರ ಗೀಟಿನಲ್ಲಿ ನಿಂತ ಮಣ್ಣು

ಶುಕ್ರವಾರ, ಶನಿವಾರದ ರಜೆ ಮುಗಿದಿತ್ತು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಸಹಾಯಕ ಮುನಿಸ್ವಾಮಿ ಲ್ಯಾಬಿನ ಬೀಗ ತೆಗೆದ. ದೀಪ ಹಾಕಿದ. ಎರಡನೆಯ ಮೇಜಿನ ಪಕ್ಕದಲ್ಲಿ ಎರಡು ಕಾಲು ಕಾಣಿಸಿದವು.

ಎಂಜಿನಿಯರ್ ಶ್ರೀನಿಧಿ ಸರ್ ಸೆಕೆಗೆ ನೆಲದ ಮೇಲೆ ಮಲಗಿರಬೇಕು ಎಂದುಕೊಂಡ. ಹತ್ತಿರ ಹೋದ. ತಲೆಯ ಹಿಂಭಾಗ ಒಡೆದಿತ್ತು. ರಕ್ತ ಒಣಗಿ ಕಪ್ಪಾಗಿತ್ತು. ಬೆನ್ನಿನ ಮೇಲೆ ಮಣ್ಣು ತುಂಬಿದ ಮೂರು ಪೆಟ್ಟಿಗೆಗಳು ಬಿದ್ದಿದ್ದವು.

ಮುನಿಸ್ವಾಮಿ ಒಂದೊಂದಾಗಿ ಪೆಟ್ಟಿಗೆ ಎತ್ತಿ ಪಕ್ಕಕ್ಕೆ ಇಟ್ಟ. ಸತ್ತವನ ಮೈಮೇಲೆ ಭಾರ ಇರಬಾರದು ಎನ್ನುವುದಷ್ಟೇ ಅವನ ಮನಸ್ಸಿನಲ್ಲಿತ್ತು. ಆಮೇಲೆ ಹೊರಗೆ ಓಡಿ, ಎದುರಿನ ಗ್ಯಾರೇಜಿನವರನ್ನು ಕೂಗಿದ.

ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಅವನನ್ನೇ ಕರೆದುಕೊಂಡು ಹೋದರು.

* * *

೨೦೧೪ರ ಮಾರ್ಚ್ ತಿಂಗಳು. ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ನಡುವೆ ಆ ಮಣ್ಣು ಪರೀಕ್ಷೆಯ ಲ್ಯಾಬ್ ಇತ್ತು. ಕಟ್ಟಡ ಕಟ್ಟುವ ಮೊದಲು ನೆಲ ಗಟ್ಟಿಯೇ ಎಂದು ನೋಡಿ ಹೇಳುವುದು ಅದರ ಕೆಲಸ. ಗೇಬ್ರಿಯಲ್ ಕ್ರಾಸ್ತಾ ಅಲ್ಲಿನ ಹಿರಿಯ ಪರೀಕ್ಷಕರು. ವಯಸ್ಸು ಅರವತ್ತೊಂದು. ಹೆಂಡತಿ ಅನ್ನಾ ತೀರಿಕೊಂಡು ತಿಂಗಳಾದ ದಿನದ ಇಗರ್ಜಿಯ ಬಲಿಪೂಜೆಗೆಂದು ಕುಂದಾಪುರಕ್ಕೆ ಹೋಗಿದ್ದರು. ಸೋಮವಾರ ವಿಮಾನ ಇಳಿದರು. ಬ್ಯಾಗು ಎತ್ತಿಕೊಳ್ಳುವ ಮೊದಲೇ ಫೋನ್ ಬಂತು.

ಕರೆ ಕೋಲಾರದಿಂದ. ಮುನಿಸ್ವಾಮಿಯ ಹೆಂಡತಿ ಕಾಂತಮ್ಮ.

"ಸಾರ್, ನಮ್ಮೆಜಮಾನ್ರು ಇರುವೆ ಕಂಡ್ರೂ ದಾಟ್ಕೊಂಡ್ ಹೋಗೋರು. ಅವರು ಕೊಂದ್ರು ಅಂತಾವ್ರಲ್ಲ?"

"ಕಾಂತಮ್ಮ, ನಾನು ಈಗಷ್ಟೇ ಬಂದೆ. ನೋಡ್ತೇನೆ."

"ಅಲ್ಲಿ ಕೊಲೆ ಮಾಡಿದೋರ್ಗೆ ಗುಂಡು ಹೊಡೀತಾರಂತೆ. ನಿಜವೇ ಸಾರ್?"

ಸುಳ್ಳು ಹೇಳುವ ಅಭ್ಯಾಸ ಗೇಬ್ರಿಯಲ್‌ಗೆ ಇರಲಿಲ್ಲ. ಜೇಬಿನಲ್ಲಿದ್ದ ಜಪಮಾಲೆಯನ್ನು ಬಿಗಿಯಾಗಿ ಹಿಡಿದುಕೊಂಡರು.

* * *

ಪೊಲೀಸ್ ಅಧಿಕಾರಿಗೆ ಲ್ಯಾಬಿನ ಕೆಲಸ ವಿವರಿಸುವವರು ಬೇಕಾಗಿತ್ತು. ಗೇಬ್ರಿಯಲ್‌ಗೆ ಅಂದೇ ಲ್ಯಾಬಿಗೆ ಬರಲು ಕರೆ ಬಂತು. ಜೊತೆಗೆ ಪೊಲೀಸರ ದುಭಾಷಿ ಮುಹಿಯುದ್ದೀನ್ ಬಂದಿದ್ದ. ಮಂಗಳೂರಿನ ಬ್ಯಾರಿ. ಹದಿನೆಂಟು ವರ್ಷದಿಂದ ದುಬೈಯಲ್ಲಿದ್ದಾನೆ.

"ನಿಮ್ಮ ಮುನಿಸ್ವಾಮಿಯ ಮೇಲೆ ಪುರಾವೆ ಭಾರೀ ಉಂಟು ಪೊರ್ಬುಗಳೇ," ಎಂದ, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ. "ಕಬ್ಬಿಣದ ಗುಂಡಿನಲ್ಲಿ ತಲೆಗೆ ಹೊಡೆದದ್ದು. ಗುಂಡಿನ ಹಿಡಿಯಲ್ಲಿ ಅವನದ್ದೇ ಬೆರಳಚ್ಚು."

"ಮಣ್ಣು ದಮ್ಮಸು ಮಾಡುವ ಗುಂಡು ಅದು. ದಿನಕ್ಕೆ ಇನ್ನೂರು ಸಲ ಅವನು ಎತ್ತುತ್ತಾನೆ ಮಾರಾಯ. ಬೇರೆ ಯಾರಾದರೂ ಬಟ್ಟೆ ಸುತ್ತಿ ಹಿಡಿದಿರಬಹುದು."

"ಪೆಟ್ಟಿಗೆಯಲ್ಲೂ ಅವನದ್ದೇ. ಗುರುವಾರ ಇಬ್ಬರಿಗೂ ಜಗಳ ಆಗಿದೆ. ಎದುರಿನ ಗ್ಯಾರೇಜಿಗೆ ಕೇಳುವಷ್ಟು."

"ಎಂತದಕ್ಕೆ ಜಗಳ?"

"ಅದೇ ತಮಾಷೆ. ಮಣ್ಣಿಗೆ ಅಂತೆ. 'ನನ್ನ ಮಣ್ಣು ಒಡೆದು ಹಾಕಿದ್ರಿ' ಅಂತ ಕೂಗಿದನಂತೆ. ಮಣ್ಣು ಒಡೆಯುವುದು ಅಂದ್ರೆ ಎಂತ?"

ಗೇಬ್ರಿಯಲ್ ಒಂದು ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ತೋಳಿನಷ್ಟು ದಪ್ಪದ ಮಣ್ಣಿನ ಕೊರಡು. ಮೇಲ್ಭಾಗ ಕಪ್ಪು, ಕಲ್ಲುಕಲ್ಲು. ಕೆಳಗೆ ಕೆಂಪು ಮಿಶ್ರಿತ ಕಂದು ಜೇಡಿ. ಉದ್ದಕ್ಕೂ ಬಿರುಕು ಬಿಟ್ಟಿತ್ತು.

"ಇದು ಅರ್ಮೇನಿಯಾ ದೇಶದ್ದು. ಹಳೆಯ ಬೆಂಕಿಬೆಟ್ಟದ ಬುಡ. ತಣ್ಣಗಿನ ಹುಲ್ಲುಗಾವಲು, ಕುರಿ ಮೇಯುವ ಜಾಗ. ಎಂದೋ ಬೆಟ್ಟ ಉಗುಳಿದ ಬೂದಿ, ಕಲ್ಲು ಸಾವಿರಾರು ವರ್ಷ ಕೊಳೆತು ಜೇಡಿಯಾಗಿದೆ. ಹಿಮ ಕರಗಿದ ನೀರು ಆ ಜೇಡಿಯನ್ನು ಕೆಳಗೆ ಇಳಿಸಿದೆ. ಮೇಲೆ ಕಲ್ಲು ಉಳಿದಿದೆ. ಒದ್ದೆಯಾದರೆ ಉಬ್ಬುತ್ತದೆ, ಅಂಟಿನಂತೆ ಹಿಡಿಯುತ್ತದೆ. ಒಣಗಿದರೆ ಹೀಗೆ ಸೀಳುತ್ತದೆ. ಶ್ರೀನಿಧಿ ಇದನ್ನು ಏಸಿಯ ಗಾಳಿಗೆ ತೆರೆದಿಟ್ಟಿರಬೇಕು. ಮುನಿಸ್ವಾಮಿ ಇಂಥ ಮಣ್ಣಿಗೆ ಒದ್ದೆ ಬಟ್ಟೆ ಸುತ್ತಿ ಮಗುವಿನ ಹಾಗೆ ನೋಡಿಕೊಳ್ಳುತ್ತಾನೆ. ಅದಕ್ಕೆ ಬೈದಿದ್ದಾನೆ."

"ಯಾರಿಗೆ ಬೇಕಾಗಿತ್ತು ಈ ಮಣ್ಣು?"

"ಅಬುಧಾಬಿಯ ಒಂದು ಕಂಪನಿಗೆ. ಆ ಗುಡ್ಡದಲ್ಲಿ ಹಾಲಿನ ಕಾರ್ಖಾನೆ, ಕೆಲಸದವರಿಗೆ ಮನೆಗಳು. ಮಣ್ಣು ಉಬ್ಬುವುದಾದರೆ ಗೋಡೆ ನಿಲ್ಲುವುದಿಲ್ಲ."

"ರಿಪೋರ್ಟಿನಲ್ಲಿ ಉಬ್ಬುವುದಿಲ್ಲ ಅಂತ ಉಂಟಲ್ಲ?"

ಗೇಬ್ರಿಯಲ್ ತಲೆ ಎತ್ತಿದರು.

* * *

ಕಂಪ್ಯೂಟರಿನಲ್ಲಿ ಶ್ರೀನಿಧಿಯ ಹೆಸರಿನಲ್ಲೇ ರಿಪೋರ್ಟ್ ಇತ್ತು. ಗುರುವಾರ ಸಂಜೆ ಐದೂ ಮುಕ್ಕಾಲಿಗೆ ಬರೆದದ್ದು. ಆ ಗುಡ್ಡದಲ್ಲಿ ತೋಡಿದ ಏಳನೆಯ ಗುಂಡಿಯ ಮಣ್ಣು, ಉಬ್ಬರ ಶೂನ್ಯ. ಕೈಬರಹದ ಪುಸ್ತಕದಲ್ಲಿ ಆ ದಿನದ ಹಾಳೆಯೇ ಇರಲಿಲ್ಲ.

ಮೇಜಿನ ಮೇಲೆ ಎರಡು ಗಾಜಿನ ಅಳತೆ ಕೊಳವೆಗಳು ನಿಂತಿದ್ದವು. ಎರಡಕ್ಕೂ ಏಳನೆಯ ಗುಂಡಿಯ ಚೀಟಿ, ಬುಧವಾರ ಸಂಜೆಯ ತಾರೀಖು. ಒಂದರ ಬಾಯಿಯ ಅಂಚು ಒಡೆದಿತ್ತು. ಎರಡರಲ್ಲೂ ಮಣ್ಣು ಹತ್ತರ ಗೀಟಿನಲ್ಲಿತ್ತು. ಪೊಲೀಸರು ಅವುಗಳ ಫೋಟೋ ತೆಗೆದು ಹಾಗೇ ಬಿಟ್ಟಿದ್ದರು.

ಗೇಬ್ರಿಯಲ್ ಬಗ್ಗಿ ಮೊದಲನೆಯದನ್ನು ಮೂಸಿದರು. ಎರಡನೆಯದನ್ನು ಮೂಸಿದರು. ಮತ್ತೆ ಮೊದಲನೆಯದನ್ನು ಮೂಸಿದರು.

"ಎಂತ, ಅತ್ತರಾ?" ಎಂದ ಮುಹಿಯುದ್ದೀನ್.

"ಸೀಮೆಎಣ್ಣೆ."

ಅವರು ಸಿಂಕಿನ ಹತ್ತಿರ ಹೋದರು. ನಲ್ಲಿ ತಿರುಗಿಸಿದರು. ನೀರು ಇಳಿಯದೆ ನಿಂತುಕೊಂಡಿತು. ಗೋಡೆಯ ಮೇಲೆ ಮುನಿಸ್ವಾಮಿಯ ಅಕ್ಷರದಲ್ಲಿ ಒಂದು ಹಲಗೆ: ಸಿಂಕಿಗೆ ಮಣ್ಣು ಹಾಕಬೇಡಿ, ಬಕೆಟ್ಟಿಗೆ ಹಾಕಿ.

"ಈ ಕೋಣೆಗೆ ಬೀಗ ಹಾಕಿಸಿ ಮುಹಿಯುದ್ದೀನ್. ನನಗೆ ಒಂದು ದಿನ ಬೇಕು."

ಅಧಿಕಾರಿಯ ಎದುರಿನಲ್ಲೇ ಅವರು ಅದೇ ಮಣ್ಣನ್ನು ಪುಡಿ ಮಾಡಿ, ಜರಡಿ ಹಿಡಿದು, ಬೇರೆ ಒಂದು ಕೊಳವೆಯಲ್ಲಿ ನೀರಿಗೂ ಇನ್ನೊಂದರಲ್ಲಿ ಸೀಮೆಎಣ್ಣೆಗೂ ಹಾಕಿಟ್ಟರು. ಮರುದಿನ ಅದೇ ಹೊತ್ತಿಗೆ ಬಂದು ನೋಡಿದರು. ನೀರಿನ ಕೊಳವೆಯಲ್ಲಿ ಮಣ್ಣು ಹತ್ತೊಂಬತ್ತಕ್ಕೆ ಏರಿತ್ತು.

* * *

ಮಂಗಳವಾರ ಪ್ರಿಯನ್ ಕರಕ್ ಚಾಯ್ ತಂದುಕೊಟ್ಟ. ಅವನು ಲ್ಯಾಬಿನ ಬಿಸಿನೆಸ್ ಮ್ಯಾನೇಜರ್. ಗೇಬ್ರಿಯಲ್ ಹೋಗುವ ಇಗರ್ಜಿಯಲ್ಲೇ ಗಾಯನ ಮಂಡಳಿಯಲ್ಲಿ ಹಾಡುವವನು. ಅನ್ನಾಳ ಕಾಯಿಲೆಯ ದಿನಗಳಲ್ಲಿ ಎರಡು ಸಲ ಆಸ್ಪತ್ರೆಗೂ ಬಂದಿದ್ದ. ಬಲಗೈ ಹೆಬ್ಬೆರಳಿಗೆ ಪಟ್ಟಿ ಸುತ್ತಿತ್ತು.

"ಅಂಕಲ್, ಮುನಿಸ್ವಾಮಿ ಹೀಗೆ ಮಾಡಿಯಾನು ಅಂತ ಯಾರು ಎಣಿಸಿದ್ರು ಹೇಳಿ."

"ಬೆರಳಿಗೆ ಎಂತ ಆಯಿತು?"

"ಮಾವಿನಹಣ್ಣು ಕೊಯ್ಯುವಾಗ. ಮನೆಯಲ್ಲಿ ಹೆಂಡತಿ ಬೈದದ್ದೇ ಬೈದದ್ದು."

"ಗುರುವಾರ ನೀನು ಇಲ್ಲಿ ಇದ್ದೆಯಾ?"

"ಮಧ್ಯಾಹ್ನವೇ ಹೊರಟೆ ಅಂಕಲ್. ಈ ಮಣ್ಣು ಕಳಿಸಿದ ಕಂಪನಿಯ ಮೀಟಿಂಗ್, ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ. ಹೋಗುವ ಮುಂಚೆ ಒಮ್ಮೆ ಇಣುಕಿದೆ ಅಷ್ಟೆ. ಶ್ರೀನಿಧಿಯ ಎರಡು ಸ್ಯಾಂಪಲ್ ಇತ್ತಲ್ಲ, ಎರಡೂ ಹತ್ತರಲ್ಲೇ ಇತ್ತು. ಫಸ್ಟ್ ಕ್ಲಾಸ್ ಮಣ್ಣು."

ಗೇಬ್ರಿಯಲ್ ಚಹಾವನ್ನು ಮೇಜಿನ ಮೇಲೆ ಇಟ್ಟರು. ಕುಡಿಯಲು ಆಗಲಿಲ್ಲ.

"ಹೌದು," ಎಂದರು. "ಇನ್ನು ನೀನು ಹೋಗು ಮಗಾ."

ಅವನು ಹೋದ ಮೇಲೆ ಮುಹಿಯುದ್ದೀನ್‌ಗೆ ಫೋನ್ ಮಾಡಿದರು. "ಸಿಂಕಿನ ಕೆಳಗಿನ ಡೊಂಕು ಪೈಪು ಬಿಚ್ಚಿಸಿ. ಅಲ್ ರೀಮ್‌ನ ಆಫೀಸಿನಲ್ಲಿ ಬಂದು ಹೋದವರ ಪುಸ್ತಕ ನೋಡಿಸಿ."

* * *

ಎರಡು ದಿನ ಬಿಟ್ಟು, ಆ ವಾರದ ಗುರುವಾರ, ಪೊಲೀಸ್ ಠಾಣೆಯಲ್ಲಿ ನಾಲ್ವರು ಕುಳಿತಿದ್ದರು. ಅಧಿಕಾರಿ, ಮುಹಿಯುದ್ದೀನ್, ಗೇಬ್ರಿಯಲ್, ಪ್ರಿಯನ್. ಗೇಬ್ರಿಯಲ್ ಹೇಳಿದ್ದನ್ನು ಮುಹಿಯುದ್ದೀನ್ ಅರಬಿಯಲ್ಲಿ ಅಧಿಕಾರಿಗೆ ಹೇಳುತ್ತಾ ಹೋದ.

"ಅದು ಎರಡು ಸ್ಯಾಂಪಲ್ ಅಲ್ಲ ಪ್ರಿಯನ್. ಒಂದೇ ಮಣ್ಣು. ನಮ್ಮ ದೇಶದಲ್ಲಿ ಕಲಿಸುವ ಪರೀಕ್ಷೆ. ಹತ್ತು ಗ್ರಾಂ ಪುಡಿಯನ್ನು ನೀರಿನಲ್ಲಿ ಹಾಕುತ್ತೇವೆ, ಹತ್ತು ಗ್ರಾಂ ಸೀಮೆಎಣ್ಣೆಯಲ್ಲಿ. ಒಂದು ದಿನ ಬಿಡುತ್ತೇವೆ. ಎಂಥ ಮಣ್ಣಾದರೂ ಸೀಮೆಎಣ್ಣೆಯಲ್ಲಿ ಉಬ್ಬುವುದಿಲ್ಲ. ನೀರಿನಲ್ಲಿ ಎಷ್ಟು ಹೆಚ್ಚು ಉಬ್ಬಿತು ಅಂತ ಹೋಲಿಸಿ ನೋಡಲಿಕ್ಕೇ ಆ ಎರಡನೆಯ ಕೊಳವೆ."

ಪ್ರಿಯನ್ ಪಟ್ಟಿ ಸುತ್ತಿದ ಕೈಯನ್ನು ಮೇಜಿನ ಕೆಳಗೆ ಇಳಿಸಿದ.

"ಒಂದರಲ್ಲಿ ಮಣ್ಣು ಉಬ್ಬಿತ್ತು, ಒಂದರಲ್ಲಿ ಇರಲಿಲ್ಲ. ಒಂದು ಕೆಟ್ಟ ಸ್ಯಾಂಪಲ್, ಒಂದು ಒಳ್ಳೆಯದು ಅಂತ ನೀನು ತಿಳಿದೆ. ಕೆಟ್ಟದ್ದನ್ನು ಸಿಂಕಿಗೆ ಸುರಿದು, ಒಳ್ಳೆಯದರ ಹಾಗೇ ಇನ್ನೊಂದು ಮಾಡಿಟ್ಟೆ. ಪಕ್ಕದಲ್ಲಿದ್ದ ಸೀಮೆಎಣ್ಣೆಯ ಬಾಟಲಿಯಿಂದ. ಪುಸ್ತಕದ ಹಾಳೆ ಹರಿದು, ಶ್ರೀನಿಧಿಯ ಹೆಸರಿನಲ್ಲಿ ರಿಪೋರ್ಟ್ ಬರೆದೆ. ಎರಡರಲ್ಲೂ ಸೀಮೆಎಣ್ಣೆ ಇಟ್ಟರೆ ಅದು ಪರೀಕ್ಷೆಯೇ ಅಲ್ಲ. ಹದಿನೈದು ವರ್ಷ ಆ ಕೊಳವೆ ತುಂಬಿದ ಮುನಿಸ್ವಾಮಿ ಕನಸಿನಲ್ಲೂ ಹಾಗೆ ಮಾಡುವುದಿಲ್ಲ. ಸಿಂಕಿಗೆ ಮಣ್ಣನ್ನೂ ಸುರಿಯುವುದಿಲ್ಲ."

"ಮಧ್ಯಾಹ್ನ ನಾನು ನೋಡಿದಾಗ..."

"ಮಧ್ಯಾಹ್ನ ನೀನು ನೋಡಿದ್ದರೆ ನೀರಿನ ಮಣ್ಣು ಆಗಲೇ ಉಬ್ಬಿರುತ್ತಿತ್ತು. ಹಿಂದಿನ ದಿನ ಸಂಜೆಯಿಂದ ನೆನೆದದ್ದು. ಎರಡೂ ಹತ್ತರಲ್ಲಿ ನಿಂತದ್ದು ಶ್ರೀನಿಧಿ ಸತ್ತ ಮೇಲೆ."

ಅಧಿಕಾರಿ ಏನೋ ಹೇಳಿದರು. ಮುಹಿಯುದ್ದೀನ್ ಕನ್ನಡದಲ್ಲಿ ಹೇಳಿದ. "ಅಲ್ ರೀಮ್‌ನಲ್ಲಿ ಆ ದಿನ ನೀನು ಬಂದ ಸಮಯ ರಾತ್ರಿ ಎಂಟು ಗಂಟೆ. ಮೀಟಿಂಗ್ ನಾಲ್ಕಕ್ಕೆ ಇತ್ತು. ಪೈಪಿನಲ್ಲಿ ಜೇಡಿ ಉಬ್ಬಿ ಬಿರಡೆಯ ಹಾಗೆ ಕೂತಿತ್ತು. ಅದರೊಳಗೆ ರಕ್ತದ ಟಿಶ್ಯೂ ಪೇಪರ್. ಕೊಳವೆಯ ಒಡೆದ ಅಂಚು ತಾಗಿ ಬೆರಳು ಕೊಯ್ದದ್ದು. ಆ ರಕ್ತ ನಿನ್ನದು. ಖಲಾಸ್."

ಪ್ರಿಯನ್ ಮುಖ ಮುಚ್ಚಿಕೊಂಡ.

"ನಾನು ಅಬುಧಾಬಿಯವರಿಗೆ ಮೊದಲೇ ಪತ್ರ ಕೊಟ್ಟಿದ್ದೆ ಅಂಕಲ್. ಪರೀಕ್ಷೆ ಆಗಿದೆ, ನೆಲ ಗಟ್ಟಿ ಅಂತ. ಶ್ರೀನಿಧಿಯ ಸಹಿ ನಾನೇ ಹಾಕಿದ್ದೆ. ಅದನ್ನು ನಂಬಿ ಅವರು ಜಾಗ ತೆಗೆದುಕೊಂಡ್ರು. ಒಂದು ಅಂಕಿ ಬದಲಾಯಿಸು ಅಂತ ಕಾಲು ಹಿಡಿದೆ. ಅವನು ಪುಸ್ತಕ ಎತ್ತಿಕೊಂಡು ಡೈರೆಕ್ಟರಿಗೆ ಹೇಳ್ತೇನೆ ಅಂತ ಹೊರಟ. ಜೈಲಿಗೆ ಹೋಗ್ತೇನೆ ಅಂತ ಹೆದರಿ..."

"ಹೆದರಿದವನು ಬಟ್ಟೆ ಸುತ್ತಿ ಗುಂಡು ಹಿಡಿಯುತ್ತಾನಾ? ಪೆಟ್ಟಿಗೆ ಬಿದ್ದು ಸತ್ತ ಅಂತ ತೋರಿಸಲು ಒಂದರ ಮೇಲೊಂದು ಬೀಳಿಸುತ್ತಾನಾ?" ಗೇಬ್ರಿಯಲ್ ಮುಂದೆ ಬಾಗಿದರು. "ಕೊನೆಗೆ ಆ ಬಡವನನ್ನು ಹಿಡಿದುಕೊಂಡು ಹೋದಾಗಲೂ ಬಾಯಿ ಬಿಡಲಿಲ್ಲ ನೀನು. ಅವನ ಹೆಂಡತಿ ನನ್ನ ಹತ್ತಿರ ಗುಂಡು ಹೊಡೆಯುತ್ತಾರಾ ಅಂತ ಕೇಳಿದಳು ಮಗಾ."

"ನನಗಾಗಿ ಪ್ರಾರ್ಥನೆ ಮಾಡಿ ಅಂಕಲ್."

"ಮಾಡುತ್ತೇನೆ," ಎಂದರು ಗೇಬ್ರಿಯಲ್. ಎದ್ದು ಹೊರಗೆ ಹೋದರು.

* * *

ಕಾಗದಪತ್ರ ಮುಗಿದು ಮುನಿಸ್ವಾಮಿ ಹೊರಗೆ ಬರುವಾಗ ಹತ್ತು ದಿನವಾಗಿತ್ತು. ಗಡ್ಡ ಬೆಳೆದಿತ್ತು. ಬೆಲ್ಟ್ ಕೈಯಲ್ಲಿ ಹಿಡಿದುಕೊಂಡಿದ್ದ. ಗೇಬ್ರಿಯಲ್ ಕಾರಿನ ಬಾಗಿಲು ತೆಗೆದರು.

"ಕಾಂತಮ್ಮನಿಗೆ ಫೋನ್ ಹಚ್ಚಿ ಕೊಡಲಾ?"

"ತಡೀರಿ ಸಾರ್." ಅವನು ಸೀಟಿನ ತುದಿಯಲ್ಲಿ ಕುಳಿತ. "ಶ್ರೀನಿಧಿ ಸಾರ್‌ನ ಊರಿಗೆ ಕಳಿಸಿದ್ರಾ?"

"ಶನಿವಾರ. ಮೈಸೂರಿಗೆ."

"ಜೊತೆಗೆ ಯಾರು ಹೋದ್ರು?"

ಗೇಬ್ರಿಯಲ್ ಎಂಜಿನ್ ಚಾಲೂ ಮಾಡಿದರು.

"ಯಾರೂ ಹೋಗಲಿಲ್ಲ. ಕಾರ್ಗೋದಲ್ಲಿ ಶವಪೆಟ್ಟಿಗೆ ಒಂದೇ ಹೋಯಿತು. ನನ್ನ ಪಾಸ್‌ಪೋರ್ಟ್ ನಾನು ಸಾಕ್ಷಿ ಅಂತ ಪೊಲೀಸರ ಹತ್ತಿರ ಇತ್ತು."

"ಒಬ್ರೇ ಹೋದ್ರಾ?"

"ಒಬ್ಬನೇ."

ಮುನಿಸ್ವಾಮಿ ಹತ್ತು ದಿನದಲ್ಲಿ ಒಮ್ಮೆಯೂ ಅತ್ತಿರಲಿಲ್ಲ ಎಂದು ಮುಹಿಯುದ್ದೀನ್ ಹೇಳಿದ್ದ. ಈಗ ಅವನು ಎರಡೂ ಕೈಯಲ್ಲಿ ಬೆಲ್ಟ್ ಹಿಡಿದುಕೊಂಡು ಅತ್ತ. ಗೇಬ್ರಿಯಲ್ ಕಾರು ನಿಲ್ಲಿಸಿಕೊಂಡೇ ಕಾದರು.